‘ಅಕ್ಕ’ ಎಂದವನ ಬಳಿ ಲೆಕ್ಕ ಕೇಳುವುದು ಹೇಗೆ?

ನಮ್ಮ ಮನೆಯ ರಿಪೇರಿಗೆ ಮಾತಾಗಿದ್ದು 3 ತಿಂಗಳು, ಮುಗಿದಿದ್ದು 14 ತಿಂಗಳಿಗೆ. ಮಾತಾಗಿದ್ದ ಹಣ ನಾಲ್ಕೂವರೆ ಲಕ್ಷ, ಕೈಬಿಟ್ಟು ಹೋಗಿದ್ದು ಏಳು ಲಕ್ಷದ ಹತ್ತಿರ. ಇದನ್ನು ಹೇಳಿಕೊಂಡಾಗ ಮೈಸೂರಿನಲ್ಲಿರುವ ನನ್ನ ಗೈಡ್‌ನಿಂದ ಹಿಡಿದು ಊರಿನ ಹಾಲಿನ ಡೇರಿ ಕಾರ್ಯದರ್ಶಿಯವರೆಗೆ ಎಲ್ಲರೂ ಒಂದೇ ಮಾತು ಹೇಳಿ ನಕ್ಕರು: “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?”

ಈ ಬರಹ ಆ ಗಾದೆಯ ವಿರುದ್ಧ.

ಹುಟ್ಟಿದ ಕಾಲಕ್ಕೆ ಅದೊಂದು ಎಚ್ಚರಿಕೆಯ ಮಾತಾಗಿತ್ತೇನೋ. ಈಗ ಅದು ಬಾಯಿ ಮುಚ್ಚಿಸುವ ಮಾತು. ಮಳೆ ಬಂದ ಹಾಗೆ, ಬರ ಬಂದ ಹಾಗೆ, ಆನೆ ಹೊಲಕ್ಕೆ ನುಗ್ಗಿದ ಹಾಗೆ ಕಂಟ್ರಾಕ್ಟರ್ ಕೈಕೊಡುವುದೂ ಒಂದು ದೈವಲೀಲೆ ಎನ್ನುವಂತೆ ಅದು ಮಾಡಿಬಿಡುತ್ತದೆ. ಆನೆ ನುಗ್ಗಿದರೂ ನಮ್ಮ ಕಡೆಯವರು ಪರಿಹಾರಕ್ಕೆ ಅರ್ಜಿ ಬರೆಯುತ್ತಾರೆ. ಕಂಟ್ರಾಕ್ಟರ್ ಕೈಕೊಟ್ಟರೆ ಗಾದೆ ಹೇಳಿಕೊಂಡು ಸುಮ್ಮನಾಗುತ್ತಾರೆ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಊಟಿ ರಸ್ತೆಯ ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಕಡೆ ಬರುತ್ತದೆ. ಬೆಟ್ಟ 1454 ಮೀಟರ್ ಎತ್ತರ; ಅದರ ಮೇಲಿನ ಮಂಜು ನೋಡಲು ವಾರದ ಕೊನೆಯಲ್ಲಿ ಕಾರುಗಳ ಸಾಲೇ ಬರುತ್ತದೆ. ಕಾರುಗಳನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಹೋಗುವಾಗ ಬರುವಾಗ ಕೆಲವರು ನಮ್ಮ ಮನೆಯ ಮುಂದೆ ನಿಂತು ಫೋಟೋ ತೆಗೆಯುತ್ತಿದ್ದರು. ಮಣ್ಣಿನ ಗೋಡೆ, ಹೆಂಚಿನ ಮಾಡು, ಜಗುಲಿಯ ಮೇಲೆ ಹರಡಿದ ಅರಿಶಿನ. ಅವರಿಗೆ ಅದು ಚೆಂದ. ನಮಗೆ ಮಳೆ ಬಂದರೆ ಒಳಗೆ ಏಳು ಕಡೆ ಪಾತ್ರೆ ಇಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಅಟ್ಟ ಹತ್ತಿ ಹೆಂಚು ಸರಿಪಡಿಸಲು ಆಗುತ್ತಿರಲಿಲ್ಲ. ಬಚ್ಚಲು ಹಿತ್ತಲಿನಲ್ಲಿ, ರಾತ್ರಿ ಹೊತ್ತು ಹೊರಗೆ ಹೋಗಲು ಭಯ, ಕಾಡಂಚು. ಎರಡು ವರ್ಷದ ಅರಿಶಿನದ ದುಡ್ಡು, ಒಟ್ಟಿಗೆ ಬಂದ ನನ್ನ ಫೆಲೋಶಿಪ್ ಬಾಕಿ ಸೇರಿಸಿ ಅಡುಗೆಮನೆ, ಬಚ್ಚಲು, ಹಿಂದಿನ ಅರ್ಧ ಮಾಡು ಸರಿಮಾಡಿಸೋಣ ಎಂದುಕೊಂಡೆವು.

ಬಂದ ಕಂಟ್ರಾಕ್ಟರ್ ನಮಗೆ ಗೊತ್ತಿದ್ದವನೇ. ಮೊದಲು ಗಾರೆ ಕೆಲಸ ಮಾಡುತ್ತಿದ್ದು, ಆಮೇಲೆ ಮೇಸ್ತ್ರಿಯಾಗಿ, ಈಗ ಕಂಟ್ರಾಕ್ಟರ್ ಆದವನು. ಮನೆ ಸುತ್ತಿ ನೋಡಿ ಚದರಕ್ಕೆ ಇಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕಿದ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ನಾನು ಕೇಳಿದೆ. ಅವನು ನನ್ನ ಕಡೆ ತಿರುಗಲೇ ಇಲ್ಲ. ಅವ್ವನಿಗೆ ಹೇಳಿದ: “ಅಕ್ಕೋ, ನಿಮ್ಮನೆ ಕೆಲ್ಸ ಅಂದ್ರ ನಮ್ಮನೆ ಕೆಲ್ಸ ಕನಕ್ಕ. ಬರ್ಕೊಡು ಅಂದ್ರ ನಂಗೇ ಒಂಥರಾ ಆಯ್ತದ.” ಅವ್ವ ನನ್ನನ್ನು ಗದರಿದಳು: “ಅಕ್ಕ ಅಂದವನ ಕೈಲಿ ಕಾಗದ ಬರಸ್ಕಂಡ್ರ ನೋಡ್ದೋರು ಏನಂದಾರು? ಓದ್ಬುಟ್ಟು ಮರ್ವಾದಿ ಮರ್ತ್‌ಬುಟ್ಟಾ?” ಅಂದೇ 2 ಲಕ್ಷ ಅಡ್ವಾನ್ಸ್ ಹೋಯಿತು. ಮಾಡು ಇಳಿಸಿದ ದಿನ ಇನ್ನೊಂದು ಲಕ್ಷ.

‘ಅಕ್ಕ’ ಎಂಬ ಆ ಒಂದು ಮಾತು ಮಾಡಿದ ಕೆಲಸವನ್ನು ನೋಡಬೇಕು. ಅಕ್ಕ, ಅಣ್ಣ, ಮಾವ ಎಂದು ಕರೆಯುವುದು ನಮ್ಮ ಭಾಷೆಯ ದೊಡ್ಡಗುಣ ಎಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ನಿಜವೇ. ಆದರೆ ಹಣ ಕೈ ಬದಲಾಗುವ ಜಾಗದಲ್ಲಿ ಅದೇ ಮಾತು ಲೆಕ್ಕ ಕೇಳುವ ಬಾಯನ್ನು ಕಟ್ಟುತ್ತದೆ. ಅಕ್ಕ ಬಿಲ್ಲು ಕೇಳಬಾರದು. ತಮ್ಮ ತಡ ಮಾಡಿದರೆ ಅಕ್ಕ ಸಹಿಸಿಕೊಳ್ಳಬೇಕು. ತಮ್ಮನಾದರೂ ಅಕ್ಕನ ಮನೆಗೆ ಎಷ್ಟು ಮೂಟೆ ಸಿಮೆಂಟು ಬಂತು, ಎಷ್ಟು ಬೇರೆ ಸೈಟಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ. ನಂಟು ಕಲ್ಪಿಸಿಕೊಂಡ ಕ್ಷಣವೇ ಕರಾರು ಅವಮಾನವಾಗುತ್ತದೆ. ನಂಟಿನ ಲಾಭ ಒಬ್ಬನಿಗೆ, ಮರ್ಯಾದೆಯ ಭಾರ ಇನ್ನೊಬ್ಬರಿಗೆ.

ಕೆಲಸದ ಕಥೆ ಚಿಕ್ಕದಾಗಿ ಹೇಳುತ್ತೇನೆ. ಹಿಂದಿನ ಭಾಗಕ್ಕೆ ಮತ್ತೆ ಹೆಂಚು ಬೇಡ, ಮೋಲ್ಡ್ ಹಾಕಿಬಿಡೋಣ ಎಂದ. ನಮಗೂ ಆಸೆಯಾಯಿತು. ಐದು ಇಂಚು ದಪ್ಪದ ಕಾಂಕ್ರೀಟ್ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಹೆಚ್ಚುಕಡಿಮೆ 3 ಟನ್ ತೂಗುತ್ತದೆ. ಮಂಗಳೂರು ಹೆಂಚಿನ ಮಾಡು ಅದರ ಸುಮಾರು ಕಾಲುಭಾಗ. ಹೆಂಚು ಹೊರಲು ಕಟ್ಟಿದ ಮಣ್ಣಿನ ಗೋಡೆಯ ಮೇಲೆ ಕಂಬವಿಲ್ಲದೆ ಆ ಭಾರ ಕೂರಿಸಿದರು. ಸೆಂಟ್ರಿಂಗ್ ಹಲಗೆ ಮತ್ತು ಆಸರೆ ಗಳಗಳನ್ನು ನಾಲ್ಕನೇ ದಿನಕ್ಕೇ ಬಿಚ್ಚಿಕೊಂಡು ಹೋದರು, ಬೇರೆ ಕಡೆ ಒಂದು ಹೋಮ್‌ಸ್ಟೇ ಕೆಲಸಕ್ಕೆ ಅವು ಬೇಕಿದ್ದವು. ಸಾಮಾನ್ಯ ಕಾಂಕ್ರೀಟಿಗೆ ಚಿಕ್ಕ ಅಂಕಣವಾದರೂ ಆಸರೆ 7 ದಿನ ಇರಲೇಬೇಕು, ಕ್ಯೂರಿಂಗೂ ಕನಿಷ್ಠ 7 ದಿನ ಎಂದು ಭಾರತೀಯ ಮಾನಕ 456 ಹೇಳುತ್ತದೆ. ಇದು ನನಗೆ ತಿಳಿದದ್ದು ಗೋಡೆ ಬಿರುಕು ಬಿಟ್ಟ ಮೇಲೆ. ಮಣ್ಣಿನ ಗೋಡೆಗೆ ಹಚ್ಚಿದ ಸಿಮೆಂಟ್ ಗಿಲಾವು ಒಳಗಿನ ತೇವವನ್ನು ಹೊರಗೆ ಬಿಡದೆ ಅಕ್ಟೋಬರ್ ಮಳೆ ಮುಗಿಯುವ ಹೊತ್ತಿಗೆ ಹಪ್ಪಳದಂತೆ ಎದ್ದಿತು. ಬಚ್ಚಲಿನ ನೆಲದ ವಾಟ ಒಳಮುಖವಾಗಿತ್ತು. ಮಿಂದ ನೀರು ಅಡುಗೆಮನೆಗೆ ಬರುತ್ತಿತ್ತು. ಕೊನೆಗೆ ಗೋಡೆ ಕೆಡವಿ, ಕಂಬ ನಿಲ್ಲಿಸಿ, ಮತ್ತೆ ಕಟ್ಟಬೇಕಾಯಿತು. ನಾಲ್ಕೂವರೆ ಏಳಾದದ್ದು ಹೀಗೆ. ಫೋನು ಮಾಡಿದರೆ “ನಾಳಕ್ಕ ಬತ್ತೀನಿ ಕನಕ್ಕ.” ನಾಳೆ ಎಂಬುದು 11 ತಿಂಗಳು ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಎಲ್ಲರಿಗೂ ಗೊತ್ತಿರುವ ಕಥೆ. ಕೇಳಿದವರು “ಕಂಟ್ರಾಕ್ಟರ್‌ಗಳೆಲ್ಲ ಕಳ್ಳರು” ಎನ್ನುತ್ತಾರೆ, ನನಗೂ ಸಮಾಧಾನವಾಗುತ್ತದೆ. ಆದರೆ ಒಂದು ಭಾನುವಾರ ಬೆಳಿಗ್ಗೆ ಮೂವರು ಗಾರೆ ಕೆಲಸದವರು ಬಂದು ಜಗುಲಿಯ ಕೆಳಗೆ ನಿಂತರು. ಅವರಿಗೆ ಮೂರು ವಾರದಿಂದ ಬಟವಾಡೆ ಆಗಿರಲಿಲ್ಲ. “ನೀವು ಕಾಸು ಕೊಟ್ಟಿಲ್ವಂತಲ್ಲ” ಎಂದರು. ನಾವು ಆಗಲೇ ಮೂರೂವರೆ ಲಕ್ಷ ಕೊಟ್ಟಿದ್ದೆವು. ಆ ದುಡ್ಡು ಎಲ್ಲಿ ಹೋಯಿತು ಎಂದು ಕೆದಕಿದಾಗ ಸಿಕ್ಕಿದ್ದು ಐಷಾರಾಮದ ಕಥೆಯಲ್ಲ. ನಮ್ಮ ಅಡ್ವಾನ್ಸ್ ಹಿಂದಿನ ಸೈಟಿನ ಸಿಮೆಂಟ್ ಅಂಗಡಿ ಸಾಲಕ್ಕೆ ಹೋಗಿತ್ತು. ಆ ಸೈಟಿನ ಯಜಮಾನ ಕೊನೆಯ ಕಂತು ಕೊಡದೆ ವರ್ಷವಾಗಿತ್ತು. ನಮ್ಮ ಕೆಲಸ ಮುಗಿಸಲು ಹೋಮ್‌ಸ್ಟೇಯವರ ಅಡ್ವಾನ್ಸ್ ಬೇಕಿತ್ತು. ಒಬ್ಬನ ಟೋಪಿ ಇನ್ನೊಬ್ಬನ ತಲೆಗೆ.

ಈ ಸರಪಳಿ ಅರ್ಥವಾದ ದಿನ ನನ್ನ ಸಿಟ್ಟಿನ ದಿಕ್ಕು ಬದಲಾಯಿತು. ಕೊನೆಯ ಕಂತನ್ನು ಯಜಮಾನರು ಹೇಗೂ ಕೊಡುವುದಿಲ್ಲ ಎಂದು ಕಂಟ್ರಾಕ್ಟರ್‌ಗೆ ಗೊತ್ತು. ಅದಕ್ಕೇ ಅವನು ಮೊದಲೇ ಹೆಚ್ಚು ಎಳೆದುಕೊಳ್ಳುತ್ತಾನೆ. ಹೆಚ್ಚು ಎಳೆದುಕೊಂಡವನು ಕೆಲಸ ಬಿಟ್ಟು ಹೋಗುತ್ತಾನೆ ಎಂದು ಯಜಮಾನರಿಗೆ ಗೊತ್ತು. ಅದಕ್ಕೇ ಅವರು ಕೊನೆಯ ಕಂತು ಹಿಡಿದುಕೊಳ್ಳುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದೇ ಅಕ್ಕ, ತಮ್ಮ ಎಂದು ಕರೆದುಕೊಳ್ಳುತ್ತಾರೆ. ಇದಕ್ಕೆ ನಾವು ಇಟ್ಟಿರುವ ಹೆಸರು ನಂಬಿಕೆ.

ನಾವೂ ಹಾಗೇ ಮಾಡಿದೆವು. ಬಾಗಿಲು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿಲ್ಲ ಎಂದು ಬಡಗಿಯ 8 ಸಾವಿರ ರೂಪಾಯಿ ತಡೆಹಿಡಿದದ್ದು ನಾನೇ. ಕಂಟ್ರಾಕ್ಟರ್ ಮೇಲಿನ ಸಿಟ್ಟನ್ನು ಕೈಗೆ ಸಿಕ್ಕವನ ಮೇಲೆ ತೀರಿಸಿಕೊಂಡೆ. ಅವನು ಮೂರು ಸಲ ಸೈಕಲ್ ತುಳಿದುಕೊಂಡು ಬಂದ. ಬಾಗಿಲು ಕಚ್ಚಿಕೊಂಡದ್ದು ಗೋಡೆ ಕುಸಿದು ಚೌಕಟ್ಟು ಓರೆಯಾಗಿದ್ದರಿಂದ, ಮರದ ಕೆಲಸದ ತಪ್ಪಿನಿಂದಲ್ಲ ಎಂದು ಗೋಡೆ ಕೆಡವಿದಾಗ ಗೊತ್ತಾಯಿತು. ಐದು ತಿಂಗಳ ಮೇಲೆ ದುಡ್ಡು ಕೊಟ್ಟೆ. ಅವನು ಎಣಿಸಲೂ ಇಲ್ಲ.

ಇನ್ನೊಂದನ್ನೂ ಹೇಳಬೇಕು. ಹಾಲು ಉಕ್ಕಿಸಿದ ದಿನ ಕೆಲಸದವರನ್ನೆಲ್ಲ ಊಟಕ್ಕೆ ಕರೆದಿದ್ದೆವು. ನೆಂಟರಿಗೆ ಒಳಗೆ ಎಲೆ, ಅವರಿಗೆ ಹೊರಗೆ ಶಾಮಿಯಾನದಲ್ಲಿ. ಅಡುಗೆಮನೆಯ ಕಡಪ ಕಲ್ಲು ಕೂರಿಸಿದವನು, ದೇವರ ಗೂಡಿಗೆ ಟೈಲ್ಸ್ ಹಾಕಿದವನು, ಎರಡು ತಿಂಗಳು ಆ ಕೋಣೆಗಳಲ್ಲೇ ನಿಂತು ಬುತ್ತಿ ಉಂಡವರು. ಹಾಲು ಉಕ್ಕಿದ ಮೇಲೆ ಅವರು ಹೊಸ್ತಿಲು ದಾಟಲಿಲ್ಲ. ದಾಟಬೇಡಿ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಒಳಗೆ ಬನ್ನಿ ಎಂದು ನಾನೂ ಕರೆಯಲಿಲ್ಲ. ನನ್ನ ಪಿಎಚ್.ಡಿ. ವಿಷಯ ಹೊಸಗನ್ನಡ ಕಾದಂಬರಿಗಳಲ್ಲಿ ‘ಮನೆ’ಯ ಕಲ್ಪನೆ. ಮನೆ ಎಂದರೆ ಮನಸ್ಸು, ಮನೆ ಎಂದರೆ ಕುಲ, ಮನೆ ಎಂದರೆ ಸಂಪ್ರದಾಯದ ಬಿರುಕು ಎಂದು ನಾಲ್ಕು ನೋಟ್‌ಬುಕ್ ತುಂಬಿಸಿದ್ದೇನೆ. ಆ ನಾಲ್ಕರಲ್ಲಿ ಒಂದು ಕಡೆಯೂ ಮನೆ ಕಟ್ಟಿದವನ ಕೂಲಿಯ ಪ್ರಸ್ತಾಪವಿಲ್ಲ. ಹುಡುಕಿ ನೋಡಿದ್ದೇನೆ.

“ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ, ಬಾಯಿಮಾತೇ ಸಾಕಾಗಿತ್ತು” ಎನ್ನುವವರಿಗೆ ನನ್ನದೊಂದು ಉತ್ತರವಿದೆ. ಅದು ಮೈಸೂರಿನಲ್ಲೇ ಸಿಕ್ಕಿದ್ದು. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಶಲಕರ್ಮಿಗಳ ಮೇಲೆ ಒಂದು ಅಧ್ಯಾಯವೇ ಇದೆ. ಒಪ್ಪಿದ ಕಾಲಕ್ಕೆ ಕೆಲಸ ಮುಗಿಸದಿದ್ದರೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಬೇರೊಂದು ಅಧ್ಯಾಯದಲ್ಲಿ, ಕೂಲಿ ಕೊಡದ ಯಜಮಾನನಿಗೂ ದಂಡ: ಕೂಲಿಯ ಹತ್ತನೇ ಒಂದು ಭಾಗ ಅಥವಾ 6 ಪಣ. ಎಂದರೆ ಬಾಯಿಮಾತು ಸಾಲದು ಎಂಬುದು ನೂರಾರು ವರ್ಷಗಳ ಹಿಂದೆಯೇ ಗೊತ್ತಿತ್ತು. ಕೌಟಿಲ್ಯನನ್ನು ನಾನು ಹೊಗಳುತ್ತಿಲ್ಲ. ವ್ಯಾಪಾರಿಗಳನ್ನೂ ಕುಶಲಕರ್ಮಿಗಳನ್ನೂ ಹೆಸರಿಲ್ಲದ ಕಳ್ಳರು ಎಂದು ಕರೆದವನೂ ಅವನೇ. ನಮ್ಮ ಮಧ್ಯಮವರ್ಗದ ಮಾತಿಗೆ ಅಷ್ಟು ಹಳೆಯ ವಂಶಾವಳಿ ಇದೆ. ಆದರೂ ತಡಕ್ಕೂ ಬಾಕಿಗೂ ಎರಡಕ್ಕೂ ಲೆಕ್ಕವುಂಟು ಎಂದು ಅವನು ಬರೆದಿಟ್ಟ. ನಾವು ಎರಡನ್ನೂ ಬರೆಯದೆ ಬಿಟ್ಟಿದ್ದೇವೆ.

ಇಂದಿನ ಕಾನೂನೂ ನಮ್ಮಂಥವರ ಮನೆಯನ್ನು ದಾಟಿಕೊಂಡೇ ಹೋಗಿದೆ. 2016ರ ರೇರಾ ಕಾಯ್ದೆ ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆ ಬಂತು. ಮಾರಾಟವಿಲ್ಲದ ನವೀಕರಣ, ದುರಸ್ತಿ ಕೆಲಸಗಳಿಗೆ ಅದರಲ್ಲಿ ನೋಂದಣಿ ಬೇಕಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, ಸ್ವಂತ ವಾಸಕ್ಕೆ 10 ಲಕ್ಷ ರೂಪಾಯಿ ಮೀರದ ಖರ್ಚಿನಲ್ಲಿ ಕೆಲಸ ಮಾಡಿಸುವವರನ್ನು ತನ್ನ ವ್ಯಾಪ್ತಿಯ ಹೊರಗಿಟ್ಟಿತು. ಮಾಡಿಸಿಕೊಳ್ಳುವವಳಿಗೆ ಒಂದು ಕಾಯ್ದೆ ಇಲ್ಲ, ಮಾಡುವವನಿಗೆ ಇನ್ನೊಂದು ಇಲ್ಲ. ಉಳಿದಿರುವುದು ಗ್ರಾಹಕ ರಕ್ಷಣೆ. 2019ರ ಕಾಯ್ದೆ ಮನೆ ನಿರ್ಮಾಣವನ್ನು ‘ಸೇವೆ’ ಎಂದು ಹೆಸರಿಟ್ಟೇ ಸೇರಿಸಿದೆ. ಜಿಲ್ಲಾ ಆಯೋಗದಲ್ಲಿ ವಕೀಲರಿಲ್ಲದೆ ನಾವೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ನಾನು ಇದನ್ನೆಲ್ಲ ಓದಿ, ಫೈಲು ಮಾಡಿಕೊಂಡು, ಪರಿಚಯದ ವಕೀಲರೊಬ್ಬರ ಮುಂದೆ ಕೂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವನು ಏನು ಮಾಡಿಕೊಡ್ತೀನಿ ಅಂದಿದ್ದ, ಎಲ್ಲಿ ಬರೆದಿದೆ?” ಬಾಯಿಮಾತಿನ ಕರಾರೂ ನಮ್ಮ ಕಾನೂನಿನಲ್ಲಿ ಕರಾರೇ. ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಅಡ್ವಾನ್ಸನ್ನೂ ಅವ್ವ ಸೆರಗಿನಲ್ಲಿ ಕಟ್ಟಿ ತಂದು ನಗದಾಗಿ ಕೊಟ್ಟಿದ್ದಳು.

ಇದರಲ್ಲಿ ನನಗೆ ಅತಿ ವಿಚಿತ್ರವಾಗಿ ಕಂಡ ವಿಷಯವೊಂದಿದೆ. ನಮ್ಮ ಬೀದಿಯ ಕೊನೆಯಲ್ಲಿ ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಕಟ್ಟಿಕೊಂಡವರಿದ್ದಾರೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಅವರಿಗೆ ಹಣವನ್ನು ಒಟ್ಟಿಗೆ ಕೊಡುವುದಿಲ್ಲ. ಪಾಯ ಆದರೆ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಒಂದು, ಛಾವಣಿಗೆ ಒಂದು, ಮುಗಿದ ಮೇಲೆ ಒಂದು. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಬಡವನ ಕೈಗೆ ಅವನದೇ ಮನೆಯ ದುಡ್ಡು ಕೊಡುವಾಗ ಸರ್ಕಾರ ಇಷ್ಟು ಹುಷಾರು. ಅದೇ ಸರ್ಕಾರ ತನ್ನ ಕೆಲಸ ಮಾಡಿಸುವಾಗ ಟೆಂಡರು, ಠೇವಣಿ, ಅಳತೆ ಪುಸ್ತಕ ಎಲ್ಲ ಇಟ್ಟುಕೊಳ್ಳುತ್ತದೆ. ಅಲ್ಲೂ ಮೋಸ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಮೋಸವಾದಾಗ ತೋರಿಸಲು ಒಂದು ಪುಸ್ತಕವಾದರೂ ಇರುತ್ತದೆ. ಜೀವಮಾನದ ದುಡಿಮೆಯನ್ನು ಸುರಿಯುವ ನಮ್ಮಂಥ ಕುಟುಂಬಗಳ ಬಳಿ ಏನಿದೆ? ಸಿಮೆಂಟ್ ಅಂಗಡಿಯ ಕ್ಯಾಲೆಂಡರಿನ ಹಿಂದೆ ಅವ್ವ ಗೀಚಿದ ಗೆರೆಗಳು.

ಬೆಂಗಳೂರಿನ ಗೆಳೆಯರು ಇದಕ್ಕೆ ಕಂಪನಿಗಳಿವೆ, ಆ್ಯಪ್‌ಗಳಿವೆ ಎನ್ನುತ್ತಾರೆ. ಹಾಗೆ ಮಾಡಿಸಿದ ಗೆಳತಿಯೊಬ್ಬಳು ತನ್ನ ಅಗ್ರಿಮೆಂಟ್ ತೋರಿಸಿದಳು. ಹದಿನಾಲ್ಕು ಪುಟ, ಇಂಗ್ಲಿಷಿನಲ್ಲಿ. ತಡವಾದರೆ ಅವಳು ಕೊಡಬೇಕಾದ ಬಡ್ಡಿಯ ಲೆಕ್ಕವಿತ್ತು, ಅವರು ತಡ ಮಾಡಿದರೆ ಏನೆಂದು ಇರಲಿಲ್ಲ. ಒಬ್ಬರೇ ಬರೆದು ಇನ್ನೊಬ್ಬರು ಓದದೆ ಸಹಿ ಹಾಕುವ ಕಾಗದ ನಾನು ಕೇಳುತ್ತಿರುವ ಕಾಗದವಲ್ಲ. ಅಲ್ಲಿ ‘ಅಕ್ಕ’ ಎಂದು ಬಾಯಿ ಮುಚ್ಚಿಸುತ್ತಾರೆ, ಇಲ್ಲಿ ಷರತ್ತಿನಿಂದ ಮುಚ್ಚಿಸುತ್ತಾರೆ.

ನಾನು ಕೇಳುತ್ತಿರುವುದು ಕನ್ನಡದಲ್ಲಿ ಒಂದು ಪುಟ. ಏನು ಕೆಲಸ, ಎಷ್ಟು ಚದರ. ಸಾಮಾನು ಯಾರದು, ಕೂಲಿ ಯಾರದು. ಪಾಯಕ್ಕೆ ಎಷ್ಟು, ಲಿಂಟಲ್‌ಗೆ ಎಷ್ಟು, ಮೋಲ್ಡಿಗೆ ಎಷ್ಟು, ಕೊನೆಗೆ ಎಷ್ಟು. ಎಂದು ಶುರು, ಎಂದು ಮುಗಿತಾಯ. ಮಧ್ಯೆ ಮನಸ್ಸು ಬದಲಾದರೆ ಹೆಚ್ಚಿನ ದುಡ್ಡು ಮೊದಲು ಮಾತಾಡಿ ಬರೆಯಬೇಕು. ಒಂದು ಮಳೆಗಾಲದೊಳಗೆ ಸೋರಿದರೆ ಸರಿಮಾಡುವವರು ಯಾರು. ಮತ್ತು ಇದನ್ನು ಮರೆಯಬಾರದು, ಕೆಲಸ ಮುಗಿದ ಎಷ್ಟು ದಿನದೊಳಗೆ ಯಜಮಾನರು ಬಾಕಿ ಚುಕ್ತಾ ಮಾಡಬೇಕು. ಇಬ್ಬರ ಸಹಿ, ಇಬ್ಬರ ಬಳಿಯೂ ಒಂದೊಂದು ಪ್ರತಿ. ಛಾಪಾ ಕಾಗದದ ಮೇಲಿದ್ದರೆ ಇನ್ನೂ ಒಳ್ಳೆಯದು. ದುಡ್ಡು ಫೋನಿನಲ್ಲೋ ಬ್ಯಾಂಕಿನಲ್ಲೋ ಹೋಗಲಿ, ಗುರುತು ಉಳಿಯುತ್ತದೆ.

“ಹೀಗೆ ಕೇಳಿದರೆ ಯಾವ ಮೇಸ್ತ್ರಿಯೂ ಬರುವುದಿಲ್ಲ” ಎಂಬುದು ಇದಕ್ಕೆ ಬರುವ ಆಕ್ಷೇಪ. ಹಗುರವಾದ ಆಕ್ಷೇಪವಲ್ಲ. ನಮ್ಮ ಕಡೆಯ ಒಳ್ಳೆಯ ಕೆಲಸಗಾರರು ಹೆಚ್ಚು ಕೂಲಿ ಸಿಗುವ ಕೇರಳ, ಊಟಿ ಕಡೆ ಹೋಗಿಬಿಡುತ್ತಾರೆ. ಸಿಕ್ಕವನನ್ನು ಕಳೆದುಕೊಳ್ಳುವ ಭಯ ನನಗೂ ಇತ್ತು. ಆದರೆ ಒಬ್ಬಳು ಕೇಳಿದರೆ ಅವನು ಪಕ್ಕದ ಮನೆಗೆ ಹೋಗುತ್ತಾನೆ. ಬೀದಿಯವರೆಲ್ಲ ಕೇಳಿದರೆ ಎಲ್ಲಿಗೆ ಹೋಗುತ್ತಾನೆ? ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಪುಸ್ತಕದಲ್ಲಿ ಸಹಿ ಹಾಕುವ ಹೆಂಗಸರೇ ನಮ್ಮ ಬೀದಿಯಲ್ಲಿರುವುದು. ಐದು ಸಾವಿರಕ್ಕೆ ಸಹಿ ಹಾಕುವಾಗ ಯಾರ ಮರ್ಯಾದೆಯೂ ಹೋಗಲಿಲ್ಲ. ಐದು ಲಕ್ಷಕ್ಕೆ ಹೋಗುತ್ತದೆಯೇ?

ಇನ್ನು ಬರೆದುಕೊಟ್ಟರೆ ಕಸುಬಿಗೆ ಅವಮಾನ ಎನ್ನುವವರು ಸೋಮನಾಥಪುರಕ್ಕೆ ಹೋಗಿ ಬರಲಿ. ಅಲ್ಲಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ. ಇದು ನನ್ನ ಕೆಲಸ, ಚೆನ್ನಾಗಿದ್ದರೂ ನನ್ನದು, ಕೆಟ್ಟಿದ್ದರೂ ನನ್ನದು ಎಂದು ಹೇಳಿಕೊಳ್ಳುವ ಧೈರ್ಯ ಅದು. ಸಹಿ ಎಂದರೆ ಅಪನಂಬಿಕೆ ಎಂದು ನಮಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಕೆಲಸ ಬಲ್ಲವನಿಗೆ ಅದು ಹೆಮ್ಮೆಯಾಗಿತ್ತು.

ಕಳೆದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಚಿಕ್ಕವ್ವ ಜಗುಲಿ ಎತ್ತರಿಸಿ ಒಂದು ಕೋಣೆ ತೆಗೆಸಬೇಕೆಂದು ನನ್ನನ್ನು ಕರೆದಳು. ನಮ್ಮ ಮನೆಗೆ ಬಟವಾಡೆ ಕೇಳಿಕೊಂಡು ಬಂದಿದ್ದ ಮೂವರಲ್ಲಿ ಒಬ್ಬ ಈಗ ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದಾನೆ. ಅವನೇ ಬಂದಿದ್ದ. ಕಾಗದ ಎಂದಾಗ ಮುಖ ಸ್ವಲ್ಪ ಸಣ್ಣದಾಯಿತು. ನಾನು ಒಂದೊಂದೇ ಸಾಲು ಬರೆದು ಗಟ್ಟಿಯಾಗಿ ಓದಿದೆ. ಕೇಳುತ್ತಾ ಕೇಳುತ್ತಾ ಅವನು ಜಗುಲಿಯ ಮೇಲೆ ಬಂದು ಕೂತ. ಕೊನೆಯ ಸಾಲು ಮುಗಿದ ಮೇಲೆ ಕೇಳಿದ: “ಅಕ್ಕ, ನಂದೂ ಒಂದು ಸಾಲು ಸೇರುಸ್ಬೌದಾ?”

“ಹೇಳಪ್ಪ.”

“ಶನಿವಾರ ಸಂಜ ಬೆಳಕಿರಂಗೇ ಬಟವಾಡೆ ಆಗ್ಬೇಕು. ಕತ್ಲಾದ ಮ್ಯಾಕ ಕಾಸ್ ಈಸ್ಕಂಡು ಕಾಡ್ ದಾರೀಲಿ ಹೋಗಕ ಭಯ ಆಯ್ತದ.”

ಬರೆದೆ. ಅವನು ಇನ್ನೊಂದು ಸಲ ಓದಿಸಿಕೊಂಡು ಸಹಿ ಹಾಕಿದ.